ಹಲಗಿಗೆ ವೇದಿಕೆ, ಬಾರಿಸುವವನಿಗೆ ಅಂಗಳ?

ಹಾಸ್ಟೆಲಿನ ಗೆಳೆಯರೇ,

ಶಾಸ್ತ್ರೀಯ ಸಂಗೀತಕ್ಕೆ ಜನಪದ ವಾದ್ಯಗಳನ್ನು ಸೇರಿಸಬೇಕು ಅನ್ನುವ ಮಾತು ಈಗ ದೊಡ್ಡವರ ಬಾಯಲ್ಲೂ ಕೇಳುತ್ತಿದೆ. ಸೇರಿಸಲಿ. ಆದರೆ ಬಾಗಿಲ ಕೀಲಿ ಯಾರ ಉಡಿದಾರದಾಗ ಐತಿ ಅಂತ ನಾವು ಕೇಳದೆ ಬಿಡೋದಿಲ್ಲ.

ಪಿಟೀಲು ಯಾವ ಊರಿನದು? ಯುರೋಪಿನದು. ಇನ್ನೂರು ವರ್ಷದ ಹಿಂದೆ ದೀಕ್ಷಿತರ ಮನೆ ಹೊಕ್ಕಿತು, ಕರ್ನಾಟಕ ಸಂಗೀತ ಅದನ್ನು ಎದೆಗೊತ್ತಿಕೊಂಡಿತು. ಹಾರ್ಮೋನಿಯಂ ಕೂಡ ಪರದೇಶದ್ದೇ. 1940ರಿಂದ 1971ರ ತನಕ ಆಕಾಶವಾಣಿ ಅದಕ್ಕೆ ಬಾಗಿಲು ಹಾಕಿತ್ತು, ಆಮೇಲೆ ತಾನೇ ತೆಗೆಯಿತು. ಬ್ಯಾಂಡಿನವರ ಸ್ಯಾಕ್ಸೋಫೋನಿಗೆ ಕದ್ರಿ ಗೋಪಾಲನಾಥರು ರಾಗ ಕಲಿಸಿದರು, 2004ರಲ್ಲಿ ಪದ್ಮಶ್ರೀ ಬಂತು. ಮದುವೆ ಮನೆ ಬಾಗಿಲಲ್ಲಿ ಊದುತ್ತಿದ್ದ ಶಹನಾಯಿ ಬಿಸ್ಮಿಲ್ಲಾ ಖಾನರ ಉಸಿರಿನಿಂದ ಒಳಗೆ ಹೋಯಿತು, 2001ರಲ್ಲಿ ಅವರಿಗೆ ಭಾರತರತ್ನ. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾದಾಗ ರಾಜಕುಮಾರರ ತುಟಿಯ ಸನಾದಿಗೂ ಅವರದೇ ಉಸಿರು. ಇದೆಲ್ಲ ಆಗಬೇಕಾದದ್ದೇ, ಯಾರ ಮೇಲೂ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಏಳು ಸಮುದ್ರ ದಾಟಿದ ಹಿತ್ತಾಳೆಗೆ ಸಿಕ್ಕ ಜಾಗ, ಒಂದು ಓಣಿ ದಾಟಬೇಕಾದ ಹಲಗಿಗೆ ಯಾಕ ಸಿಗಲಿಲ್ಲ?

ತೊಗಲು ಮೈಲಿಗೆ ಅಂತೀರೇನು? ಮೃದಂಗದ ಬಾಯಿಗೆ ಬಿಗಿದದ್ದು ಬಾಳೆಎಲೆ ಅಲ್ಲ ಸ್ವಾಮಿ. ಆಕಳು, ಎಮ್ಮೆ, ಆಡು, ಮೂರರ ತೊಗಲೂ ಅಲ್ಲಿ ಐತಿ. ಅದನ್ನು ಹದಮಾಡಿ ಬಿಗಿದವರು ಹೆಚ್ಚಿನವರು ದಲಿತ ಕ್ರೈಸ್ತರು ಅಂತ ಟಿ.ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ ಬರೆದರು. ಬಿಡುಗಡೆಗೆ ಕೊಡುತ್ತೇವೆಂದಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ಕೊಡೋದಿಲ್ಲ ಅಂದಿತು. ತೊಗಲು ಗರ್ಭಗುಡಿಯ ಮುಂದೆ ನುಡೀಬಹುದು, ತೊಗಲಿನವರ ಹೆಸರು ಮಾತ್ರ ನುಡೀಬಾರದು!

ಹಲಗಿಯಲ್ಲಿ ಶಾಸ್ತ್ರ ಇಲ್ಲವಂತೆ. ಬೆಂಕಿಗೆ ಹಿಡಿದು, ಬೆರಳಿಂದ ಬಡಿದು, ಕಿವಿಗೊಟ್ಟು, ಮತ್ತೆ ಬೆಂಕಿಗೆ ಹಿಡಿಯುವ ನಮ್ಮ ಮುತ್ಯಾ ಮಾಡೋದು ಶ್ರುತಿ ಅಲ್ಲದೆ ಮತ್ತೇನು? ಹೆಣದ ಮುಂದಿನ ಬಡಿತ ಬೇರೆ, ಮದುವೆಯದು ಬೇರೆ, ದೇವರ ಪಲ್ಲಕ್ಕಿಯದು ಬೇರೆ. ದಪ್ಪ ಕೋಲು ಒಂದು ಮಾತಾಡಿದರೆ ಸಣ್ಣ ಕೋಲು ಅದರ ನಡುವೆ ಹೊಕ್ಕು ಇನ್ನೊಂದು ಮಾತಾಡುತ್ತದೆ. ಬರೆದಿಟ್ಟಿಲ್ಲ, ನಿಜ. ಅಕ್ಷರ ಕಲಿಯಗೊಡದವರೇ ಪುಸ್ತಕ ಎಲ್ಲಿ ಅಂತ ಕೇಳಬಾರದು. ಹೋಳಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮೇಲಿನ ಓಣಿಯವರೂ ಹಲಗಿ ಕೊರಳಿಗೆ ಹಾಕ್ಕೊಂಡು ಕುಣೀತಾರ. ಆಗ ಮೈಲಿಗೆ ಇಲ್ಲ. ಬಣ್ಣ ತೊಳೆದ ಮರುದಿನ ಅದು ಮತ್ತೆ ನಮ್ಮ ಕೇರಿಯದು.

ಸರಕಾರವೂ ಹಂಗೇ ಐತಿ. ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ. ಸಂಗೀತದ್ದು ದೂರ ಮೈಸೂರಿನಲ್ಲಿ, ಗಂಗೂಬಾಯಿ ಹಾನಗಲ್ಲರ ಹೆಸರಲ್ಲಿ. ಊರು-ಕೇರಿ ಎರಡು ಮಾಡಿದ ಹಾಗೆ ನಾದಕ್ಕೂ ಎರಡು ಓಣಿ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಆ ಹುಡುಗಿಗೆ, ಎಲ್ಲಿ ಎಂಜಲು ಬಳಿಯಲು ಹೇಳುತ್ತಾರೋ ಅನ್ನುವ ಅಂಜಿಕೆ ಇತ್ತಂತೆ. ಆ ತಾಯಿಯ ಹೆಸರು ಹೊತ್ತ ಅಂಗಳಕ್ಕೆ ನಮ್ಮ ಹಲಗಿ ಹೊರಗಿನದು ಆಗಬಾರದು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೂ ಹಿಗ್ಗಿದೆವು. ಪದಕ ಒಬ್ಬರಿಗೆ ಸಿಕ್ಕಿತು. ಪಾಠಪಟ್ಟಿ, ಮಾಸ್ತರಿಕೆ, ಪಗಾರ?

ನಮ್ಮೊಳಗೂ ಒಂದು ಜಗಳ ಐತಿ, ಮುಚ್ಚಿಡೋದು ಬ್ಯಾಡ. 1927ರಲ್ಲಿ ಮಹಾಡದಾಗ ಬಾಬಾಸಾಹೇಬರು ಹೊಲಸು ಚಾಕರಿ ಬಿಡಿ ಅಂದರು. ಅದೇ ಸಿಟ್ಟಿನಲ್ಲಿ ಎಷ್ಟೋ ಊರುಗಳಲ್ಲಿ ನಮ್ಮ ಹಿರಿಯರು ಹಲಗಿ ಕೆಳಗಿಟ್ಟರು, ಗೌಡರ ಕೈಲಿ ಹೊಡೆತ ತಿಂದರು. ಅವರು ಸರಿ ಇದ್ದರು. ಕರೆದಾಗ ಓಡಿಬಂದು ಮುಷ್ಟಿ ಜೋಳಕ್ಕೆ ಬಾರಿಸುವ ಬಿಟ್ಟಿಯನ್ನು ಅವರು ಒದ್ದರು. ಈಗ ನಾವು ಹಲಗಿ ಎತ್ತುವುದಾದರೆ ಆ ಒದೆತ ನೆನಪಿಟ್ಟುಕೊಂಡೇ ಎತ್ತಬೇಕು. ವಾದ್ಯ ಒಯ್ದು ತೊಳೆದು, ಹೊಸ ಹೆಸರಿಟ್ಟು, ಬೇರೆಯವರ ಮಗನ ಕೈಗೆ ಕೊಡುವ ‘ಉದ್ಧಾರ’ ನಮಗೆ ಬ್ಯಾಡ.

ಸಂಗೀತ ವಿಭಾಗದಲ್ಲಿ ಹಲಗಿ ಕಲಿಸಲಿ. ಕಲಿಸುವವನು ಸಹಿ ಬಾರದ ನಮ್ಮ ಮುತ್ಯಾನೇ ಆಗಲಿ, ತಬಲಾ ಮಾಸ್ತರರ ಪಗಾರವೇ ಅವನಿಗೂ ಸಿಗಲಿ. ಗೆಳೆಯರೇ, ಈ ಸಲ ಕಾಲೇಜಿನ ಗ್ಯಾದರಿಂಗಿಗೆ ಹಲಗಿ ಬಾರಿಸಲು ಕರೆಯಬಂದರೆ ಮೊದಲು ಕೇಳ್ರಿ: ಗೇಟಿನಿಂದ ಸ್ಟೇಜಿನ ಮೆಟ್ಟಿಲ ತನಕವೋ, ಸ್ಟೇಜಿನ ಮ್ಯಾಲೋ? ರೊಕ್ಕ ಎಷ್ಟು? ಕಾರ್ಡಿನಾಗ ನಮ್ಮ ಹೆಸರು ಹಾಕ್ತೀರೋ ಇಲ್ಲೋ?