ಅಳಿಸುವ ಕೈಗೂ ತರಬೇತಿ ಬೇಕು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತನಿಗೆ ಪಹಣಿ ಎಂದರೆ ಬರೀ ಕಾಗದವಲ್ಲ. ಬೆಳೆ ಸಾಲ, ಬೆಳೆ ವಿಮೆ, ಅಣ್ಣತಮ್ಮಂದಿರ ಪಾಲು ಎಲ್ಲವೂ ಅದರ ಮೇಲೆ ನಿಂತಿವೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 2024ರಲ್ಲಿ ಶುರುವಾದ ‘ಭೂ ಸುರಕ್ಷಾ’ ಯೋಜನೆಯಲ್ಲಿ ಈಗ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳೂ ಸ್ಕ್ಯಾನ್ ಆಗುತ್ತಿವೆ.

ಇದು ಒಳ್ಳೆಯ ಕೆಲಸ. ಕಾಗದಕ್ಕೆ ಗೆದ್ದಲು, ಮಳೆ, ಬೆಂಕಿಯ ಭಯ ಇದ್ದೇ ಇದೆ. ಆದರೆ ಡಿಜಿಟಲ್ ದಾಖಲೆಗೆ ಭಯವೇ ಇಲ್ಲವೇ? ಇದೆ. ಗೆದ್ದಲಿಗೆ ಒಂದು ಕಟ್ಟು ತಿನ್ನಲು ವರ್ಷ ಬೇಕು. ಕಂಪ್ಯೂಟರಿನಲ್ಲಿ ಒಂದು ಸಾಲಿನ ಕೋಡ್ ಇಡೀ ಡೇಟಾಬೇಸನ್ನು ಅಳಿಸಬಲ್ಲದು. ಐಟಿ ಕೆಲಸ ಹುಡುಕುತ್ತಿರುವ ನಾವು ಯೋಚಿಸಬೇಕಾದ ವಿಷಯ ಇದು. ನಾಳೆ ಆ ಸಾಲನ್ನು ಬರೆಯುವ ಕೈ ನಮ್ಮದೇ ಆಗಬಹುದು.

ದೊಡ್ಡ ಸಂಸ್ಥೆಗಳು ಡೇಟಾವನ್ನು ಒಂದೇ ಊರಿನಲ್ಲಿ ಇಡುವುದಿಲ್ಲ. ಅಮೆಜಾನ್‌ನ ಕ್ಲೌಡ್ ಸೇವೆಗೆ ಭಾರತದಲ್ಲಿ ಎರಡು ಪ್ರದೇಶಗಳಿವೆ. ಮುಂಬೈ ಕೇಂದ್ರ 2016ರಲ್ಲಿ, ಹೈದರಾಬಾದ್ ಕೇಂದ್ರ 2022ರಲ್ಲಿ ಶುರುವಾದವು. ಎರಡೂ ನಮ್ಮ ಜಿಲ್ಲೆಯ ಜನ ದುಡಿಯಲು ಹೋಗುವ ಊರುಗಳೇ. ಒಂದು ಊರಿನಲ್ಲಿ ವಿದ್ಯುತ್ ಹೋದರೂ ಇನ್ನೊಂದು ಊರಿನ ಪ್ರತಿ ಕೆಲಸ ಮಾಡಲಿ ಎಂದು ಹೀಗೆ ಬೇರೆ ಬೇರೆ ಪ್ರದೇಶಗಳ ಡೇಟಾಬೇಸ್‌ಗಳನ್ನು ಜೋಡಿಸುತ್ತಾರೆ. ಇದಕ್ಕೆ ಮಲ್ಟಿ-ರೀಜನ್ ಕ್ಲಸ್ಟರ್ ಎನ್ನುತ್ತಾರೆ.

ಎರಡು ಪ್ರತಿ ಇದ್ದರೆ ಡೇಟಾ ಸುರಕ್ಷಿತ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಅರ್ಧ ಸತ್ಯ. ಜೋಡಿ ಡೇಟಾಬೇಸ್‌ನಲ್ಲಿ ಇಲ್ಲಿ ಬರೆದದ್ದು ಅಲ್ಲಿಯೂ ಬರುತ್ತದೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಎರಡನೇ ಪ್ರತಿ ಪ್ರವಾಹದಿಂದ ಕಾಪಾಡುತ್ತದೆ, ತಪ್ಪು ಆದೇಶದಿಂದ ಕಾಪಾಡುವುದಿಲ್ಲ.

2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಗೆ ಆದದ್ದು ಇದೇ. 6 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಈ ಸಂಸ್ಥೆ ಗೂಗಲ್ ಕ್ಲೌಡ್‌ನ ಎರಡು ಕಡೆ ತನ್ನ ವ್ಯವಸ್ಥೆಯ ಪ್ರತಿ ಇಟ್ಟಿತ್ತು. ಆರಂಭದ ಸಿದ್ಧತೆಯಲ್ಲಿ ಗೂಗಲ್ ಸಿಬ್ಬಂದಿ ಒಂದು ಮಾಹಿತಿಯನ್ನು ಖಾಲಿ ಬಿಟ್ಟಿದ್ದರು. ಹೀಗಾಗಿ ವ್ಯವಸ್ಥೆಗೆ ಒಂದು ವರ್ಷದ ಅವಧಿ ತಾನಾಗಿಯೇ ನಿಗದಿಯಾಯಿತು. ಅವಧಿ ಮುಗಿದಾಗ ಅದು ಅಳಿದುಹೋಯಿತು. ಎರಡೂ ಕಡೆಯ ಪ್ರತಿಗಳು ಹೋದವು ಎಂದು ಎರಡೂ ಕಂಪನಿಗಳ ಜಂಟಿ ಹೇಳಿಕೆಯೇ ಒಪ್ಪಿಕೊಂಡಿತು. ಬೇರೊಂದು ಕಂಪನಿಯ ಬಳಿ ಪ್ರತ್ಯೇಕವಾಗಿ ಇಟ್ಟಿದ್ದ ಬ್ಯಾಕಪ್ ಸಂಸ್ಥೆಯ ನೆರವಿಗೆ ಬಂತು.

ಬ್ಯಾಕಪ್ ಇದೆ ಎಂದುಕೊಂಡರೂ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ರಾತ್ರಿ ಕೆಲಸದ ಒತ್ತಡದಲ್ಲಿ ತಪ್ಪು ಸರ್ವರ್‌ನಲ್ಲಿ ಅಳಿಸುವ ಆದೇಶ ಕೊಟ್ಟರು. ತಕ್ಷಣ ತಡೆದರೂ ಸುಮಾರು 300 ಜಿಬಿ ಡೇಟಾ ಹೋಗಿತ್ತು. ಆಗ ನೋಡಿದರೆ ದಿನನಿತ್ಯದ ಬ್ಯಾಕಪ್ ಕೆಲಸವೇ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ 6 ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಕಂಪನಿ ತಪ್ಪನ್ನು ಮುಚ್ಚಿಡದೆ, ವ್ಯವಸ್ಥೆಯ ದೋಷಗಳನ್ನೆಲ್ಲ ಜಗತ್ತಿನ ಮುಂದೆ ಬಿಚ್ಚಿಟ್ಟಿತು.

ಇಂಥ ಪ್ರಸಂಗಗಳಿಂದ ಕಲಿತ ಪಾಠ ಹೊಸ ಸೇವೆಗಳಲ್ಲಿ ಕಾಣುತ್ತದೆ. ಅಮೆಜಾನ್ 2025ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ಅರೋರಾ ಡಿಎಸ್‌ಕ್ಯೂಎಲ್ ಡೇಟಾಬೇಸನ್ನೇ ನೋಡಿ. ಅಳಿಸದಂತೆ ತಡೆಯುವ ರಕ್ಷಣೆ ಅದರಲ್ಲಿದೆ. ಅದು ಚಾಲೂ ಇದ್ದರೆ ಮೊದಲು ತೆಗೆಯಲೇಬೇಕು. ಜೋಡಿ ಕ್ಲಸ್ಟರ್‌ಗಳಲ್ಲಿ ಒಂದನ್ನು ಅಳಿಸಿ ಎಂದು ಕೋಡ್ ಹೇಳಿದರೆ ಅದು ಕೂಡಲೇ ಮಾಯವಾಗುವುದಿಲ್ಲ, ‘ಪೆಂಡಿಂಗ್ ಡಿಲೀಟ್’ ಎಂಬ ಸ್ಥಿತಿಯಲ್ಲಿ ಕಾಯುತ್ತದೆ. ಇನ್ನೊಂದು ಪ್ರದೇಶಕ್ಕೂ ಪ್ರತ್ಯೇಕ ಆದೇಶ ಹೋದ ಮೇಲೆ ಎರಡೂ ಅಳಿಯುತ್ತವೆ. ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇದ್ದ ಹಾಗೆ.

ಈ ನಿಧಾನ ನಮಗೆ ಹೊಸದೇನಲ್ಲ. 1964ರ ಭೂ ಕಂದಾಯ ಕಾಯ್ದೆಯಲ್ಲಿ ಮ್ಯುಟೇಷನ್‌ಗೆ ಮುನ್ನ ನೋಟಿಸ್ ಹೊರಡಿಸಿ, ತಕರಾರಿಗೆ 30 ದಿನ ಕೊಡುವ ನಿಯಮವಿತ್ತು. ಈಚಿನ ವರ್ಷಗಳಲ್ಲಿ ಆ ಅವಧಿ ಕಡಿಮೆಯಾಗಿದೆ, ತತ್ವ ಉಳಿದಿದೆ: ಒಬ್ಬರ ಹೆಸರು ತೆಗೆಯುವ ಮುನ್ನ ಆತನಿಗೆ ಮಾತಾಡಲು ಅವಕಾಶ ಕೊಡಬೇಕು. ಅಮೆಜಾನ್‌ನಲ್ಲಿ ಡೇಟಾದ ಎನ್‌ಕ್ರಿಪ್ಷನ್ ಕೀಲಿ ಅಳಿಸಲು ಕೋರಿದರೂ 7ರಿಂದ 30 ದಿನ ಕಾಯಬೇಕು. ಅಷ್ಟರೊಳಗೆ ಮನಸ್ಸು ಬದಲಾದರೆ ಕೋರಿಕೆ ರದ್ದು ಮಾಡಬಹುದು.

ಆದರೆ ರಕ್ಷಣೆ ತೆಗೆಯುವುದೂ ಎರಡು ಕಡೆ ಆದೇಶ ಕೊಡುವುದೂ ಕೋಡ್‌ನಿಂದಲೇ ಆಗುತ್ತದೆ. ಮೂರೂ ಕೆಲಸವನ್ನು ಒಂದೇ ಸ್ಕ್ರಿಪ್ಟಿನಲ್ಲಿ ಬರೆದಿಟ್ಟರೆ ಎರಡು ಕೀಲಿಗಳೂ ಒಬ್ಬನ ಜೇಬಿನಲ್ಲೇ ಇದ್ದಂತೆ. ಕೊನೆಯ ಕಾವಲು ಮನುಷ್ಯನ ವಿವೇಕವೇ.

ನಮ್ಮ ತರಬೇತಿ ಕೊರತೆ ಕಾಣುವುದು ಇಲ್ಲಿ. ಯೂಟ್ಯೂಬಿನಲ್ಲಿ, ಕೋರ್ಸುಗಳಲ್ಲಿ ಡೇಟಾಬೇಸ್ ಕಟ್ಟುವುದನ್ನು ಹೇಳಿಕೊಡುವಷ್ಟು ಅಳಿಸುವುದನ್ನು ಹೇಳಿಕೊಡುವುದಿಲ್ಲ. ಉಚಿತ ಖಾತೆಯಲ್ಲಿ ಅಭ್ಯಾಸಕ್ಕೆಂದು ಕಟ್ಟಿದ್ದನ್ನು ಅಳಿಸದೆ ಬಿಟ್ಟರೆ ಬಿಲ್ ಬರಬಹುದು. ಒಂದು ಪ್ರದೇಶದಲ್ಲಿ ಅಳಿಸಿ ಇನ್ನೊಂದನ್ನು ಮರೆತರೂ ಅಷ್ಟೇ. ಅಳಿಸದಿದ್ದರೆ ದುಡ್ಡು ಹೋಗುತ್ತದೆ, ತಪ್ಪಾಗಿ ಅಳಿಸಿದರೆ ಮತ್ತೊಬ್ಬರ ಬದುಕಿನ ದಾಖಲೆ ಹೋಗುತ್ತದೆ.

ಹಾಗಾಗಿ ಕಲಿಯುವಾಗಲೇ ಕೆಲವು ರೂಢಿ ಮಾಡಿಕೊಳ್ಳೋಣ. ಅಳಿಸುವ ಮುನ್ನ ಖಾತೆ, ಪ್ರದೇಶ, ಕ್ಲಸ್ಟರ್ ಹೆಸರನ್ನು ಪರದೆಯ ಮೇಲೆ ತರಿಸಿ ಓದಬೇಕು. ಅಭ್ಯಾಸದ ಖಾತೆ ಬೇರೆ, ಜನರ ಡೇಟಾ ಇರುವ ಖಾತೆ ಬೇರೆ ಇರಬೇಕು. ಬ್ಯಾಕಪ್ಪಿನಿಂದ ಡೇಟಾವನ್ನು ಒಮ್ಮೆ ಮರಳಿ ತಂದು ನೋಡಬೇಕು. ರಕ್ಷಣೆ ತೆಗೆಯುವವರು ಒಬ್ಬರಾದರೆ ಅಳಿಸುವವರು ಇನ್ನೊಬ್ಬರಾಗಲಿ. ಆದೇಶ ಕೊಟ್ಟ ಮೇಲೆ ಎರಡೂ ಕಡೆ ಕೆಲಸ ಮುಗಿಯಿತೇ ಎಂದು ಕೋಡ್‌ನಿಂದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಸಂದರ್ಶನದಲ್ಲಿ ‘ಕ್ಲಸ್ಟರ್ ಕಟ್ಟಬಲ್ಲೆ’ ಎನ್ನುವವರು ಬಹಳ ಜನ ಸಿಗುತ್ತಾರೆ. ‘ಯಾವುದನ್ನು, ಯಾವಾಗ, ಯಾರ ಒಪ್ಪಿಗೆಯಿಂದ ಅಳಿಸಬೇಕೆಂದು ಬಲ್ಲೆ’ ಎನ್ನುವವರು ಕಡಿಮೆ. ಪಹಣಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಮನೆಗೆ ಎಂಥ ಪೆಟ್ಟು ಬೀಳುತ್ತದೆ ಎಂದು ರೈತರ ಮಕ್ಕಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಅರಿವನ್ನು ಕೀಬೋರ್ಡ್ ಮುಂದೆ ಕೂತಾಗಲೂ ಉಳಿಸಿಕೊಂಡರೆ ಸಾಕು.