ಕಂಪೈಲ್ ಆದರೆ ಸಾಲದು
ಕಂಪ್ಯೂಟರಿನ ಗುಂಡಿ ಒತ್ತಿದಾಗ ಎಲ್ಲಕ್ಕಿಂತ ಮೊದಲು ಎದ್ದು ಮೆಮೊರಿಯನ್ನು ಸಜ್ಜುಗೊಳಿಸುವುದು ಫರ್ಮ್‌ವೇರ್. ಅದರ ಒಳಗನ್ನು ಎಲ್ಲರಿಗೂ ತೆರೆದಿಟ್ಟ ಕೋರ್‌ಬೂಟ್ ಯೋಜನೆ 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಎಂಬ ಹೆಸರಿನಿಂದ ಶುರುವಾಯಿತು. ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಕಾರ್ಯಕ್ರಮದ ಮೂಲಕ ಈ ಯೋಜನೆಗೆ ಬರುವ ವಿದ್ಯಾರ್ಥಿ ಕೋಡನ್ನೇನೋ ಬರೆದಾನು, ಪರೀಕ್ಷಿಸಲು ಬಗೆಬಗೆಯ ಮದರ್‌ಬೋರ್ಡ್‌ಗಳನ್ನು ಎಲ್ಲಿಂದ ತಂದಾನು? ಕೋಡಿನ ಪ್ರತಿ ಬದಲಾವಣೆಯನ್ನೂ ಜೆಂಕಿನ್ಸ್ ಎಂಬ ತಂತ್ರಾಂಶ ತಾನೇ ಕಂಪೈಲ್ ಮಾಡಿ ನೋಡುತ್ತದೆ, ನಿಜ. ಆದರೆ ಕಂಪೈಲ್ ಆದದ್ದೆಲ್ಲ ಬೂಟ್ ಆಗುವುದಿಲ್ಲ. ಒಂದು ರಿಜಿಸ್ಟರ್‌ನ ಮೌಲ್ಯ ತಪ್ಪಿದರೂ ಯಂತ್ರ ಏಳದೆ ಉಳಿಯಬಹುದು. ಫ್ಲ್ಯಾಶ್ ಚಿಪ್‌ಗೆ ಹೊಸ ಕೋಡ್ ತುಂಬಿ, ರಿಲೇ ಮೂಲಕ ವಿದ್ಯುತ್ ಹರಿಸಿ, ಸೀರಿಯಲ್ ಕನ್ಸೋಲ್‌ನಲ್ಲಿ ಬರುವ ಸಾಲುಗಳನ್ನು ತಾನೇ ಓದಿ ಬೋರ್ಡ್ ಎದ್ದಿತೋ ಇಲ್ಲವೋ ಹೇಳುವ ಸ್ವಯಂಚಾಲಿತ ಪರೀಕ್ಷೆ ಬೇಕಾಗುವುದು ಇಲ್ಲೇ. ಇಂಥದೊಂದು ವ್ಯವಸ್ಥೆ ಕಟ್ಟುವ ವಿದ್ಯಾರ್ಥಿಯ ಕೆಲಸ ಹೊಸ ಬೋರ್ಡಿಗೆ ಬೆಂಬಲ ಸೇರಿಸುವುದಕ್ಕಿಂತ ದೊಡ್ಡದೆಂದೇ ನನ್ನ ಎಣಿಕೆ: ಬೋರ್ಡ್ ಕೊಳ್ಳಲಾಗದ ಇನ್ನೊಬ್ಬ ವಿದ್ಯಾರ್ಥಿಯ ಕೋಡ್ ಕೂಡ ಆಗ ನಿಜವಾದ ಯಂತ್ರದ ಮೇಲೆ ಓಡುತ್ತದೆ.