ಓಟ ಎತ್ತಿನದು, ವೇದಿಕೆ ಪುಢಾರಿಯದು

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ನಮ್ಮ ಹಿರಿಯರ ಮಾತು. ಆದರೆ ಈಚೆಗೆ ಈ ಸೀಮೆಯಲ್ಲಿ ಎತ್ತಿನ ಬಂಡಿ ಓಟ ನೋಡಹೊರಟವನಿಗೆ ಕಣ್ಣು, ಕಾಲು ಎರಡೂ ಇದ್ದರೆ ಸಾಲದು. ಆ ಕಾಲನ್ನು ಉಳಿಸಿಕೊಂಡು ಮನೆಗೆ ಮರಳುವ ದೈವಬಲವೂ ಬೇಕಾಗಿದೆ.

ಕಳೆದ ಬೇಸಿಗೆಯಲ್ಲಿ ನಾವು ಇಂಥದೊಂದು ಓಟಕ್ಕೆ ಹೋಗಿದ್ದೆವು. ಊರಿನ ಹೆಸರನ್ನು ಬರೆಯುವುದಿಲ್ಲ. ದೋಷ ಆ ಒಂದೂರಿನದಲ್ಲ. ಕರಪತ್ರದಲ್ಲಿ ಮುಂಜಾನೆ 8 ಗಂಟೆಗೆ ಪ್ರಾರಂಭವೆಂದಿತ್ತು. ಮುಖ್ಯ ಅತಿಥಿಗಳು ದಯಮಾಡಿಸಲಿಲ್ಲವಾಗಿ ಮೊದಲ ಬಂಡಿ ಬಿಟ್ಟದ್ದು ಮಧ್ಯಾಹ್ನ 1 ಗಂಟೆಗೆ. ಅಷ್ಟು ಹೊತ್ತು ಅತಿಥಿಗಳ ಬರಿದಾದ ಕುರ್ಚಿಗಳಿಗೆ ನೆರಳಿತ್ತು, ಎತ್ತುಗಳಿಗೆ ಇರಲಿಲ್ಲ. ಇದ್ದೊಂದು ನೀರಿನ ಟ್ಯಾಂಕರು 11ಕ್ಕೇ ಬರಿದಾಯಿತು. ಕುಷ್ಟಗಿ ಕಡೆಯ ರೈತನೊಬ್ಬ ರಾತ್ರಿಯೆಲ್ಲ ಪಯಣಿಸಿ, ಬಾಡಿಗೆ ಕೊಟ್ಟು, ಪ್ರವೇಶ ಫೀ ಕೊಟ್ಟು ತನ್ನ ಜೋಡಿಯನ್ನು ತಂದಿದ್ದ. ತಲೆಯ ಮೇಲಿನ ಟವೆಲ್ಲನ್ನು ತೋಯಿಸಿ ಎತ್ತಿನ ಬೆನ್ನಿಗೆ ಹೊದಿಸುತ್ತ ಅವನು ನಿಂತಿದ್ದರೆ, ವೇದಿಕೆಯ ಮೇಲೆ ಶಾಲು-ಹಾರಗಳ ಸಮಾರಂಭ ಒಂದು ತಾಸು ನಡೆಯಿತು.

ಓಟದ ದಾರಿಯ ಎರಡೂ ಬದಿಗೆ ಹಗ್ಗವಿಲ್ಲ, ಗಳವಿಲ್ಲ. ನೂಕಿ ನಿಂತ ಜನರ ನಡುವೆ ಮೂರನೆಯ ಬಂಡಿ ದಿಕ್ಕು ತಪ್ಪಿತು. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊರುವ ಹಮಾಲನೊಬ್ಬನ ಕಾಲು ಮುರಿಯಿತು. ವೈದ್ಯನಿಲ್ಲ, ಆಂಬುಲೆನ್ಸ್ ಇಲ್ಲ. ಅವನನ್ನು ಆಸ್ಪತ್ರೆಗೆ ಒಯ್ದದ್ದು ಕಾಯಿಪಲ್ಲೆ ಮಾರುವವನ ಟಂಟಂ. ಚೀಲ ಹೊತ್ತ ದಿನ ಮಾತ್ರ ಕೂಲಿ ಕಾಣುವ ಮನುಷ್ಯ ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಮನೆಯ ಒಲೆ ಹೊತ್ತುವುದು ಹೇಗೆ? ಸಂಘಟಕರು ಕೈ ತೊಳೆದುಕೊಂಡರು. ಜೊತೆಯ ಹಮಾಲರು ತಮ್ಮತಮ್ಮಲ್ಲೇ ಪಟ್ಟಿ ಎತ್ತಿ ಕೊಟ್ಟರು.

ವ್ಯಾಪಾರಸ್ಥರ ಪಾಡೂ ಇದೇ. ಮಿರ್ಚಿ ಭಜಿಯ ಬಂಡಿ, ಚುರುಮುರಿ ಅಂಗಡಿ, ಬೆಂಡು-ಬತ್ತಾಸಿನ ಬುಟ್ಟಿ, ಯಾರನ್ನೂ ಬಿಡದೆ ಜಾಗದ ಬಾಡಿಗೆಯನ್ನು ಮೂರು ಗುಂಪಿನವರು ಮೂರು ಸಲ ವಸೂಲು ಮಾಡಿದರು. ಪಾವತಿ ಕೇಳಿದರೆ ಕಣ್ಣು ಕೆಂಪು. ಇಷ್ಟಾಗಿ, ಗೆದ್ದವನಿಗೆ ಮೋಟಾರ್ ಬೈಕು ಎಂದು ಸಾರಿದ್ದ ಸಂಘಟಕರು ಸಂಜೆ ಅವನ ಕೈಗೆ ರಟ್ಟಿನ ಕೀಲಿಕೈ ಕೊಟ್ಟು ಫೋಟೋ ತೆಗೆಸಿಕೊಂಡರು. ಬೈಕು ಎಲ್ಲಿ ಎಂದರೆ, ಮುಂದಿನ ವಾರ ಬಾ ಎಂದರು.

ಹಳ್ಳಿಯಲ್ಲಿ ದುಡ್ಡಿಲ್ಲ, ತಿಳಿದವರಿಲ್ಲ, ಅದಕ್ಕೇ ಹೀಗೆಂದು ಕೆಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ದುಡ್ಡೂ ಅಧಿಕಾರಿಗಳೂ ತುಂಬಿ ತುಳುಕುವ ಬೆಂಗಳೂರಿನಲ್ಲಿ ಆದದ್ದೇನು? 2019ರ ಫೆಬ್ರವರಿ 23ರಂದು ಯಲಹಂಕದ ವಿಮಾನ ಪ್ರದರ್ಶನಕ್ಕೆ ಬಂದವರು ಒಣಹುಲ್ಲಿನ ಬಯಲಿನಲ್ಲಿ ನಿಲ್ಲಿಸಿದ್ದ ಸುಮಾರು 300 ಕಾರುಗಳು ಸುಟ್ಟು ಬೂದಿಯಾದವು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ವಿಜಯೋತ್ಸವಕ್ಕೆ ಸೇರಿದ್ದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಕೊರತೆ ಇರುವುದು ಹಣದ್ದಲ್ಲ. ನೆರೆದ ಜನರನ್ನು ಚಪ್ಪಾಳೆಯ ಯಂತ್ರವೆಂದು ಎಣಿಸುವ ಬುದ್ಧಿಯೇ ಎಲ್ಲಕ್ಕೂ ಮೂಲ.

ನಮ್ಮ ಜನಕ್ಕೆ ವ್ಯವಸ್ಥೆ ಬಾರದೆಂಬುದೂ ಸುಳ್ಳು. ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿರಿ. ಹಳ್ಳಿಹಳ್ಳಿಗಳ ಹೆಣ್ಣುಮಕ್ಕಳು ಬಡಿದ ರೊಟ್ಟಿಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಬರುತ್ತವೆ. ಲಕ್ಷಾಂತರ ಜನ ಉಂಡು ಹೋಗುತ್ತಾರೆ. ಅಲ್ಲಿ ದುಡಿಯುವವರು ತಾವೇ ಹೊಣೆ ಹೊತ್ತಿದ್ದಾರೆ. ಬಂಡಿ ಓಟದಲ್ಲಾದರೋ ದುಡಿಯುವವನು ಒಬ್ಬ, ಹೆಸರು ಪಡೆಯುವವನು ಮತ್ತೊಬ್ಬ, ಹಣ ಎಣಿಸುವವನು ಮೂರನೆಯವನು.

ಆಟವೇ ಬೇಡವೆಂದು ನಾವು ಹೇಳುತ್ತಿಲ್ಲ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ಕಂಡು ಹಿಗ್ಗಿದವರೇ ನಾವು. 2014ರ ಮೇ 7ರಂದು ಸುಪ್ರೀಂ ಕೋರ್ಟು ಎತ್ತಿನ ಬಂಡಿ ಓಟವನ್ನು ನಿಷೇಧಿಸಿತು. 2017ರಲ್ಲಿ ನಮ್ಮ ವಿಧಾನಮಂಡಲ ಕಾಯಿದೆಯನ್ನು ತಿದ್ದಿ ಕಂಬಳಕ್ಕೂ ಬಂಡಿ ಓಟಕ್ಕೂ ಎಡೆ ಮಾಡಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಎತ್ತುಗಳಿಗೆ ಅನಾವಶ್ಯಕ ಹಿಂಸೆಯಾಗಬಾರದೆಂಬ ಕರಾರಿನ ಮೇಲೆ ಸಿಕ್ಕ ಅನುಮತಿಯಿದು. ಬಿರುಬಿಸಿಲಿನಲ್ಲಿ ಐದು ತಾಸು ನೀರಿಲ್ಲದೆ ಎತ್ತುಗಳನ್ನು ನಿಲ್ಲಿಸುವ ಸಂಘಟಕ, ಆಟ ನಿಲ್ಲಿಸಬೇಕೆನ್ನುವವರ ಕೈಗೆ ತಾನೇ ಬಾರುಕೋಲು ಕೊಡುತ್ತಾನೆ. ರೈತನ ಸಂಸ್ಕೃತಿಯೆಂದು ಕೋರ್ಟಿನಲ್ಲಿ ವಾದಿಸಿದ ಮೇಲೆ, ಬಯಲಿನಲ್ಲಿಯೂ ರೈತನಿಗೆ ಮರ್ಯಾದೆ ಸಿಗಬೇಡವೆ?

ನಾವು ಕೇಳುವುದು ಹೆಚ್ಚೇನೂ ಅಲ್ಲ. ಮೊದಲನೆಯದು, ಓಟದ ಸಮಿತಿಯಲ್ಲಿ ಎತ್ತು ಕಟ್ಟುವ ರೈತರೂ ಹಮಾಲರೂ ಸಣ್ಣ ವ್ಯಾಪಾರಸ್ಥರೂ ಇರಬೇಕು. ಎರಡನೆಯದು, ಗಟ್ಟಿಯಾದ ಗಳ-ಹಗ್ಗ, ನೀರು, ನೆರಳು, ಪಶುವೈದ್ಯ, ಆಂಬುಲೆನ್ಸ್ ಸಿದ್ಧವಾಗುವ ತನಕ ತಹಸೀಲದಾರರೂ ಪೊಲೀಸರೂ ಓಟ ಬಿಡಗೊಡಬಾರದು. ಮೂರನೆಯದು, ಗಾಯಗೊಂಡವರಿಗಾಗಿ ವಿಮೆ ಮಾಡಿಸಬೇಕು. ಬಹುಮಾನದ ಹಣವನ್ನು ಓಟಕ್ಕೆ ಮುಂಚೆಯೇ ಬ್ಯಾಂಕಿನಲ್ಲಿ ಕಟ್ಟಬೇಕು. ನಾಲ್ಕನೆಯದು, ಅಂಗಡಿಯ ಬಾಡಿಗೆ ಒಂದೇ ಸಲ, ಪಾವತಿಯ ಮೇಲೆ. ಕೊನೆಯದು, ಎಂಟು ದಿನಗಳಲ್ಲಿ ಜಮಾ-ಖರ್ಚಿನ ಲೆಕ್ಕವನ್ನು ಪಂಚಾಯಿತಿ ಕಟ್ಟೆಯ ಮೇಲೆ ಓದಬೇಕು.

ಇಷ್ಟನ್ನು ಮಾಡಲಾರದವರು ಬಂಡಿ ಓಡಿಸುವ ಉಸಾಬರಿಗೆ ಹೋಗಬಾರದು. ಬಂಧುಗಳೇ, ಮುಂದಿನ ಜಾತ್ರೆಗೆ ಪಟ್ಟಿ ಕೇಳಲು ಬಂದವರನ್ನು ಬರಿಗೈಯಲ್ಲಿ ಕಳಿಸಬೇಡಿರಿ. ಮೊದಲು ಹಿಂದಿನ ಲೆಕ್ಕ ಕೇಳಿರಿ. ಲೆಕ್ಕ ಕೊಟ್ಟವರಿಗೆ ಕಾಸು ಕೊಡಿರಿ, ಕೊಡದವರಿಗೆ ಆ ಹಮಾಲನ ಮನೆಯ ದಾರಿ ತೋರಿಸಿರಿ.